ಅಪ್‌ಡೇಟ್: ಆಲ್ ವೀಲ್ ಡ್ರೈವ್ ಕಾರೇ ತಗೊಂಡೆ

ದಿನಾ ಚಿಕ್ಕಬಳ್ಳಾಪುರದಿಂದ ದೇವನಹಳ್ಳಿಗೆ ಓಡಾಡೋಕೆ, ಭಾನುವಾರ ನಂದಿಬೆಟ್ಟದ ತಿರುವುಗಳಲ್ಲಿ ಖುಷಿಯಾಗಿ ಓಡಿಸೋಕೆ, ಜೇಬಿಗೆ ಭಾರವಾಗದ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ) ಕಾರು ಯಾವುದು ಅಂತ ಕೇಳಿದ್ದೆನಲ್ವಾ? ಮಾರುತಿಯ ಜಿಮ್ನಿ ಅಂದವರಿದ್ದರು, ಅದೇ ಕಂಪನಿಯ ಗ್ರ್ಯಾಂಡ್ ವಿಟಾರಾ ಅಂದವರೂ ಇದ್ದರು. ಎರಡನ್ನೂ ಓಡಿಸಿ ನೋಡಿ, ಸೆಕೆಂಡ್ ಹ್ಯಾಂಡ್ ವಿಟಾರಾ ಆಲ್‌ಗ್ರಿಪ್ (ಆಲ್ ವೀಲ್ ಡ್ರೈವ್‌ಗೆ ಕಂಪನಿ ಇಟ್ಟ ಹೆಸರು) ಮ್ಯಾನುವಲ್ ತಗೊಂಡೆ.

ಜಿಮ್ನಿ ನಿಜಕ್ಕೂ ಮನಸ್ಸಿಗೆ ಹಿಡಿಸಿತ್ತು. ಆದರೆ ಅದರಲ್ಲಿ ನಾಲ್ಕೇ ಸೀಟು, ನಾವು ಮನೇಲಿ ಐದು ಜನ. ಅದರ ಫೋರ್ ವೀಲ್ ಡ್ರೈವ್ ಹಾಕಿಕೊಂಡು ಒಣ ಟಾರ್ ರಸ್ತೆಯಲ್ಲಿ ಓಡಿಸುವಂತಿಲ್ಲ. ವಿಟಾರಾದಲ್ಲಿ ಆಟೋ, ಸ್ಪೋರ್ಟ್, ಸ್ನೋ, ಲಾಕ್ ಅಂತ ನಾಲ್ಕು ಮೋಡ್ ಇವೆ; ಆಟೋದಲ್ಲಿ ಬಿಟ್ಟರೆ ಮಾಮೂಲಿಯಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ, ಅವು ಜಾರಿದ ತಕ್ಷಣ ಹಿಂದಿನವಕ್ಕೂ ಶಕ್ತಿ ಹೋಗುತ್ತದೆ.

ಇದರ ಬೆಲೆ ಗೊತ್ತಾಗಿದ್ದು ಮಾವನ ದ್ರಾಕ್ಷಿ ತೋಟದ ದಾರಿಯಲ್ಲಿ. ಹಿಂದಿನ ರಾತ್ರಿ ಮಳೆ ಬಿದ್ದು ಕೆಮ್ಮಣ್ಣು ಬೆಣ್ಣೆ ಥರ ಆಗಿತ್ತು. ಮುಂದಿನ ಚಕ್ರ ಗಿರ್ರನೆ ಸುತ್ತಿತು, ಕೆಸರು ಕಿಟಕಿವರೆಗೂ ಸಿಡಿಯಿತು, ಹಿಂದಿನ ಚಕ್ರಗಳಿಗೂ ಶಕ್ತಿ ಕೊಡುತ್ತಲೇ ಇರುವ ಲಾಕ್ ಮೋಡ್‌ಗೆ ತಿರುಗಿಸಿ ಮೆಲ್ಲಗೆ ಕ್ಲಚ್ ಬಿಟ್ಟೆ ನೋಡಿ, ಹಿಂದಿನಿಂದ ಯಾರೋ ತಳ್ಳಿದ ಹಾಗೆ ಗಾಡಿ ಮೇಲೆ ಬಂತು. ಟ್ರ್ಯಾಕ್ಟರ್ ತರೋಕೆ ಹೊರಟಿದ್ದ ಮಾವ ಅಲ್ಲೇ ನಿಂತರು!

ಬೆಟ್ಟದ ಏರಿನಲ್ಲಿ 103 ಪಿಎಸ್ ಶಕ್ತಿಯ ಎಂಜಿನ್‌ಗೆ ಎರಡನೇ ಗೇರ್ ಬೇಕೇ ಬೇಕು. ಆದರೆ ಒದ್ದೆ ತಿರುವಿನಲ್ಲಿ ಅದರ ಹಿಡಿತ ನನಗೆ ತುಂಬಾ ಇಷ್ಟ. ಹೈವೇಯಲ್ಲಿ ಲೀಟರಿಗೆ 16 ಸಿಗುತ್ತಿದೆ, ಸಾಕು.

ಹಳೇ ಗಾಡಿ ನೋಡೋರು ನಾಲ್ಕೂ ಟೈರ್ ಒಂದೇ ಸಮ ಸವೆದಿವೆಯಾ ನೋಡಿ. ಎರಡು ಹೊಸದು, ಎರಡು ಹಳೇದು ಇದ್ದರೆ ಚಕ್ರಗಳ ಸುತ್ತಳತೆ ಬೇರೆ ಬೇರೆಯಾಗಿ, ಹಿಂದಿನ ಚಕ್ರಗಳಿಗೆ ಶಕ್ತಿ ದಾಟಿಸುವ ಕಪ್ಲಿಂಗ್ ಮೇಲೆ ಸುಮ್ನೆ ಹೊರೆ ಬೀಳುತ್ತದೆ.