ಹಳೇ ಫೋನು ಯಾರಿಗೂ ಕೊಡಬೇಡಿ

ಗುಂಪು: ಮೇಲಿನಮನೆ ಬಂಧು ಬಳಗ

ತೀರ್ಥಹಳ್ಳಿ ದೊಡ್ಡಪ್ಪ: (ಫೋಟೋ. ಹಲವು ಬಾರಿ ಫಾರ್ವರ್ಡ್ ಆಗಿದೆ) ಎಲ್ಲರೂ ತಪ್ಪದೆ ಓದಿ.

ಸಾಗರ ಚಿಕ್ಕಮ್ಮ: ಅಯ್ಯೋ! ಅದಕ್ಕೇ ನಮ್ಮನೇದು ಮೂರೂ ಅಟ್ಟದ ಮೇಲಿಟ್ಟಿದೀನಿ.

ಶಿವಮೊಗ್ಗ ಪುಟ್ಟ: ಮೂಲ ಎಲ್ಲಿದೆ ದೊಡ್ಡಪ್ಪ? ತಾರೀಖಿಲ್ಲ, ಬರೆದವರ ಹೆಸರಿಲ್ಲ.

ತೀರ್ಥಹಳ್ಳಿ ದೊಡ್ಡಪ್ಪ: ಹಿರಿಯರು ಒಳ್ಳೇದಕ್ಕೆ ಹೇಳಿದ್ರೆ ಮೂಲ ಕೇಳ್ತೀರಿ. ತೋಟ ಪಾಲಾದ ದಿನ ನಿನ್ನಪ್ಪ ಒಂದು ಕಾಗದಾನೂ ಕೇಳಿರ್ಲಿಲ್ಲ.

ಶಿವಮೊಗ್ಗ ಪುಟ್ಟ: ತೋಟ ಎಂತಕ್ಕೆ ಬಂತು ಈಗ?

ಶಿಕಾರಿಪುರ ಅಕ್ಕ: ಅದರಲ್ಲಿ ಎಂತ ಬರ್ದಿದೆ ಯಾರಾದ್ರೂ ಹೇಳಿ. ನನ್ನ ಫೋನು ಬರೀ "ಫೋಟೋ" ಅಂತು. ಅಕ್ಷರ ಚಿತ್ರದೊಳಗಿದ್ರೆ, ಕಣ್ಣು ಕಾಣದ ನಮ್ಮಂಥವರಿಗೆ ಪರದೆ ಓದಿ ಹೇಳೋ ಟಾಕ್‌ಬ್ಯಾಕ್ ನೇರವಾಗಿ ಓದಲ್ಲ. ಟೈಪ್ ಮಾಡಿ ಹಾಕಿ ಅಂತ ಎಷ್ಟು ಸಲ ಹೇಳೋದು.

ಶಿವಮೊಗ್ಗ ಪುಟ್ಟ: "ರಿಸೆಟ್ ಮಾಡಿ ಎಲ್ಲ ಅಳಿಸಿದ್ರೂ ಕಳ್ಳರು ಫೋಟೋ, ಪಾಸ್‌ವರ್ಡ್ ಎಲ್ಲ ವಾಪಸ್ ತೆಗೀತಾರೆ, ಸುತ್ತಿಗೇಲಿ ಒಡೆದು ಬಿಸಾಡಿ" ಅಂತಿದೆ ಅಕ್ಕ.

ಶಿಕಾರಿಪುರ ಅಕ್ಕ: ಒಡೆಯೋದಾ? ಬ್ಯಾಟರಿಗೆ ಪೆಟ್ಟು ಬಿದ್ರೆ ಬೆಂಕಿ ಹತ್ತಬಹುದು! ಆಂಡ್ರಾಯ್ಡ್ 10 ಹಾಕ್ಕೊಂಡೇ ಅಂಗಡಿಗೆ ಬಂದ ಫೋನಲ್ಲಿ ಮಾಹಿತಿ ಎಲ್ಲ ಗೂಢಲಿಪಿಯಲ್ಲೇ ಇರುತ್ತೆ. ರಿಸೆಟ್ ಮಾಡಿದ್ರೆ ಅದರ ಕೀಲಿ ಅಳಿಸಿಹೋಗುತ್ತೆ, ಉಳಿದದ್ದು ಯಾರಿಗೂ ಓದೋಕೆ ಬರಲ್ಲ. ಅದಕ್ಕಿಂತ ಹಳೇದಾದ್ರೆ ಸೆಟ್ಟಿಂಗ್ಸ್, ಸೆಕ್ಯುರಿಟಿಯಲ್ಲಿ ಎನ್‌ಕ್ರಿಪ್ಟ್, ಅಂದ್ರೆ ಗೂಢಲಿಪಿ ಮಾಡೋದು, ಅಂತಿದ್ಯಾ ನೋಡಿ. ಇದ್ರೆ ಚಾರ್ಜರ್ ಹಾಕಿಟ್ಟು ಮೊದ್ಲು ಅದು, ಆಮೇಲೆ ರಿಸೆಟ್. ಸಿಮ್ಮು, ಮೆಮೊರಿ ಕಾರ್ಡು ಎರಡೂ ತೆಕ್ಕೊಳ್ಳಿ. ಕಾರ್ಡು ಮರೆತು ಕೊಟ್ರೆ ಅದರಲ್ಲಿದ್ದ ಫೋಟೋ ಬೇರೆಯವರ ಕೈಗೆ ಹೋಗುತ್ತೆ.

ಭದ್ರಾವತಿ ಭಾವ: ಹೋದ ವರ್ಷ ಚಿಕ್ಕಮ್ಮ ಕೊಟ್ಟಿದ್ದು ರಿಸೆಟ್ ಆದ್ಮೇಲೆ ಅವರದೇ ಇಮೇಲ್ ಕೇಳ್ತು. ಇವತ್ತಿಗೂ ತೆರೆದಿಲ್ಲ. ಕೊಟ್ಟೂ ಕೊಡದ ಹಾಗೆ.

ಸಾಗರ ಚಿಕ್ಕಮ್ಮ: ಹಂಗೆಲ್ಲ ಅನ್ನಬೇಡಿ. ಮನಸಿಟ್ಟೇ ಕೊಟ್ಟಿದ್ದು.

ಶಿಕಾರಿಪುರ ಅಕ್ಕ: ಅದು ಕದ್ದವರಿಗೆ ಅಂತ ಇಟ್ಟ ಬೀಗ ಭಾವ. ರಿಸೆಟ್‌ಗೆ ಮುಂಚೆ ಅಕೌಂಟ್ಸ್‌ಗೆ ಹೋಗಿ ಗೂಗಲ್ ಖಾತೆ ಫೋನಿಂದ ತೆಗೆದುಹಾಕಬೇಕಿತ್ತು. ಈಗ್ಲೂ ಚಿಕ್ಕಮ್ಮ ತಮ್ಮ ಪಾಸ್‌ವರ್ಡ್ ಹಾಕಿದ್ರೆ ತೆರೆಯುತ್ತೆ.

ಸಾಗರ ಚಿಕ್ಕಮ್ಮ: ಅಜ್ಜನ ರೇಡಿಯೋಗೆ ಇದೆಲ್ಲ ಇತ್ತಾ? ಸೆಲ್ ಬಿಸಿಲಿಗಿಟ್ಟು ಮತ್ತೆ ಹಾಕಿದ್ರೆ ಭದ್ರಾವತಿ ಆಕಾಶವಾಣಿ ಹಾಡ್ತಿತ್ತು. ಕಣ್ಣು ಮಂಜಾದ್ಮೇಲೂ ಅಜ್ಜ ತಾನೇ ಹಚ್ಕೊಳ್ತಿದ್ದ.

ಭದ್ರಾವತಿ ಭಾವ: ಆ ರೇಡಿಯೋ ಈಗ ಯಾರ ಮನೇಲಿದೆ ಅಂತಾನೂ ಕೇಳಿ.

ಶಿಕಾರಿಪುರ ಅಕ್ಕ: ಅಜ್ಜನ ಕೈಗೆ ತಿರುಗಿಸೋ ಗುಂಡಿ ಸಿಗ್ತಿತ್ತು ಚಿಕ್ಕಮ್ಮ. ಗಾಜಿನ ಮೇಲೆ ಕೈಗೆ ಸಿಗೋದು ಎಂತದೂ ಇಲ್ಲ, ಅದಕ್ಕೇ ಮಾತು ಬೇಕು. ಕಣ್ಣು ಕಾಣದವರಿಗೆ ಕೊಡೋದಾದ್ರೆ ಬರೀ ರಿಸೆಟ್ ಮಾಡಿ ಕೊಡಬೇಡಿ. ಅಕ್ಷರಾನ ಮಾತಾಗಿಸೋ ಟೆಕ್ಸ್ಟ್ ಟು ಸ್ಪೀಚ್‌ನಲ್ಲಿ ಕನ್ನಡ ಧ್ವನಿ ಡೌನ್‌ಲೋಡ್ ಮಾಡಿ, ಇಂಟರ್ನೆಟ್ ಆಫ್ ಮಾಡಿ ಓದುತ್ತಾ ನೋಡಿ. ಧ್ವನಿ ಡೌನ್‌ಲೋಡ್ ಆಗಿರದಿದ್ರೆ ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ಕನ್ನಡ ಬಂದಲ್ಲೆಲ್ಲ ತಡವರಿಸುತ್ತೆ. ಎರಡೂ ವಾಲ್ಯೂಮ್ ಗುಂಡಿ 3 ಸೆಕೆಂಡ್ ಒತ್ತಿದ್ರೆ ಟಾಕ್‌ಬ್ಯಾಕ್ ಬರಬೇಕು, ಅದನ್ನೂ ಪರೀಕ್ಷೆ ಮಾಡಿ. ವಾಲ್ಯೂಮ್ ಗುಂಡಿ ಸವೆದ ಫೋನು ನಮ್ಮಂಥವರಿಗೆ ಪ್ರಯೋಜನ ಇಲ್ಲ. ಪರದೆ ಬಿರುಕು ಬಿಟ್ಟಿದ್ರೂ ಮುಟ್ಟಿದ್ದು ತಿಳಿದ್ರೆ, ಬೆರಳಿಗೆ ಚುಚ್ಚದಿದ್ರೆ ಸಾಕು.

ತೀರ್ಥಹಳ್ಳಿ ದೊಡ್ಡಪ್ಪ: ನನ್ನ ಹಳೇದು ಹೆಂಗೂ ಕೆಟ್ಟಿದೆ. ಮುಟ್ಟಿದ್ರೆ ಹಸಿರು ಚೌಕ ಬರುತ್ತೆ, ಹೆಸರು ಹೇಳುತ್ತೆ, ತೆರೆಯಲ್ಲ.

ಶಿಕಾರಿಪುರ ಅಕ್ಕ: ಕೆಟ್ಟಿಲ್ಲ ದೊಡ್ಡಪ್ಪ! ಟಾಕ್‌ಬ್ಯಾಕ್ ಆನ್ ಆಗಿದೆ, ಜೇಬಲ್ಲಿ ಎರಡೂ ಗುಂಡಿ ಒತ್ತಿಹೋಗಿರಬೇಕು. ಒಂದ್ಸಲ ಮುಟ್ಟಿದ್ರೆ ಓದುತ್ತೆ, ಎರಡು ಸಲ ತಟ್ಟಿದ್ರೆ ತೆರೆಯುತ್ತೆ, ಎರಡು ಬೆರಳಲ್ಲಿ ಎಳೆದ್ರೆ ಪುಟ ಸರಿಯುತ್ತೆ.

ತೀರ್ಥಹಳ್ಳಿ ದೊಡ್ಡಪ್ಪ: ತೆರೀತು. ಎರಡು ವರ್ಷದಿಂದ ಕಪಾಟಲ್ಲಿತ್ತು.

ಸಾಗರ ಚಿಕ್ಕಮ್ಮ: ಅಟ್ಟದ್ದು ಇಳಿಸಿದೆ. ಒಂದರ ಹಿಂಬದಿ ಉಬ್ಬಿದೆ, ಮುಚ್ಚಳ ಕೂರ್ತಿಲ್ಲ. ಚಾರ್ಜಿಗೆ ಹಾಕ್ಲಾ?

ಶಿಕಾರಿಪುರ ಅಕ್ಕ: ಬೇಡ ಬೇಡ. ಒತ್ತಿ ಕೂರಿಸ್ಬೇಡಿ, ಚುಚ್ಚಬೇಡಿ, ಒಳಗೆ ಗ್ಯಾಸ್ ತುಂಬಿದೆ. ನಿಮ್ಮ ಅಟ್ಟ ಬಚ್ಚಲೊಲೆ ಮೇಲಲ್ವಾ, ಆ ಬಿಸಿಗೆ ಹಂಗಾಗಿರುತ್ತೆ. ಮಡಕೆಯಲ್ಲಿಟ್ಟು ಹೊರಗೆ ನೆರಳಲ್ಲಿಡಿ, ಮಳೆ ತಾಗಬಾರ್ದು. ಬ್ಯಾಟರಿ ರಿಪೇರಿಯವರೇ ತೆಗೀಲಿ. ಉಳಿದೆರಡನ್ನ ಅರ್ಧ ಚಾರ್ಜ್ ಮಾಡಿ ಪುಟ್ಟನ ಕೈಲಿ ಕಳಿಸಿ.

ಶಿವಮೊಗ್ಗ ಪುಟ್ಟ: ಭಾನುವಾರ ಬರ್ತೀನಿ ಚಿಕ್ಕಮ್ಮ. ಚಾರ್ಜರ್ ದಪ್ಪ ಪಿನ್ನಾ, ಸಣ್ಣದಾ?