ಹನ್ನೊಂದನೆಯ ಹೆಸರು ಯಾರದು?

ಅಮೆರಿಕದ ಫುಟ್‌ಬಾಲಿನಲ್ಲಿ ಮಾಕ್ ಡ್ರಾಫ್ಟ್ ಎಂಬ ಒಂದು ಕಸುಬಿದೆ. ಪ್ರತಿ ವರ್ಷ ಏಪ್ರಿಲ್ ಕೊನೆಯ ಹೊತ್ತಿಗೆ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ 32 ತಂಡಗಳು ಸರದಿಯ ಪ್ರಕಾರ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ; ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಯಾವ ತಂಡದ ಪಾಲಿಗೆ ಯಾರು ಬರುತ್ತಾರೆಂಬುದನ್ನು ತಿಂಗಳುಗಟ್ಟಲೆ ಮೊದಲೇ ಪಟ್ಟಿ ಮಾಡಿ ಹೇಳುವುದೇ ಈ ಕಸುಬು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡರೆ ನಮ್ಮಲ್ಲಿ ನಗುತ್ತಾರೆ. ಇಲ್ಲಿಯವರು ಅಂಥವರಿಗೆ ಟಿವಿಯಲ್ಲಿ ಕುರ್ಚಿ ಹಾಕಿ, ಸಂಬಳ ಕೊಟ್ಟು, ಹೊಲಿದ ಕುಲಾವಿ ಯಾವ ಕೂಸಿನ ತಲೆಗೂ ಹಿಡಿಸದೆ ಹೋದಾಗ ಮರುವರ್ಷ ಇನ್ನಷ್ಟು ಗೌರವದಿಂದ ಕರೆಸಿಕೊಳ್ಳುತ್ತಾರೆ.

ಇದೇ ಕಸುಬನ್ನು ಸಂಬಳವಿಲ್ಲದೆ, ಕೇವಲ ಕೋಡುಬಳೆ ಮತ್ತು ಕಾಫಿಯ ಆಧಾರದ ಮೇಲೆ ನಡೆಸಿಕೊಂಡು ಬಂದಿರುವ ಒಂದು ಸಣ್ಣ ಗುಂಪು ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿದೆ. ಕುಂದಾಪುರದ ಕಡೆಯ ಶೆಟ್ಟರು, ಬಸವನಗುಡಿಯ ರಾಯರು, ಮಂಡ್ಯದ ಗೌಡರು, ಧಾರವಾಡದ ಡಾಕ್ಟರಮ್ಮ, ಇವರ ಮಾತುಗಳನ್ನು ಕೇಳಿಸಿಕೊಳ್ಳಲು ಒಬ್ಬರಾದರೂ ಬೇಕಲ್ಲ ಎಂದು ನಾನು. ಪಕ್ಕದ ಸಾಂಟಾ ಕ್ಲಾರಾದಲ್ಲಿ ಲೀವೈಸ್ ಕ್ರೀಡಾಂಗಣವಿರುವುದರಿಂದ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿ ನೈನರ್ಸ್ ನಮ್ಮೂರ ತಂಡವೆಂದೇ ಲೆಕ್ಕ. 2024ರ ಋತುವಿನಲ್ಲಿ ಆರು ಗೆದ್ದು ಹನ್ನೊಂದು ಸೋತಿದ್ದ ನಮ್ಮವರಿಗೆ 2025ರ ಡ್ರಾಫ್ಟಿನಲ್ಲಿ ಹನ್ನೊಂದನೆಯ ಸರದಿ ಬಂದಿತ್ತು. ಏಪ್ರಿಲ್ 24ರಂದು ಗ್ರೀನ್ ಬೇಯಲ್ಲಿ ಮೊದಲ ಹೆಸರು ಕೂಗುವ ಮುನ್ನ, ಅಂದರೆ ನಮ್ಮ ಸಂಜೆ ಐದು ಗಂಟೆಯೊಳಗೆ, ಪ್ರತಿಯೊಬ್ಬರೂ ಒಂದೊಂದು ಚೀಟಿಯಲ್ಲಿ ಆ ಹನ್ನೊಂದನೆಯ ಹೆಸರನ್ನು ಬರೆದು ಮಡಿಚಿ ಸ್ಟೀಲ್ ಬಟ್ಟಲಿಗೆ ಹಾಕತಕ್ಕದ್ದೆಂದು ತೀರ್ಮಾನವಾಗಿತ್ತು.

ಗೌಡರು ಅಂದು ಬಹಳ ಹುರುಪಿನಲ್ಲಿದ್ದರು. ಬೆಳಿಗ್ಗೆ ತಾನೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿಯವರು ರಾಜಸ್ಥಾನವನ್ನು ಸರಿಯಾಗಿ 11 ರನ್ನುಗಳಿಂದ ಸೋಲಿಸಿದ್ದರು. ಹನ್ನೊಂದು ಎಂಬ ಅಂಕೆಯೇ ಅಂದು ಶುಭವೆಂಬುದು ಅವರ ವಾದ. ಆದರೆ ಸೋತವರಿಗೆ ಮೊದಲ ಆಯ್ಕೆ ಕೊಡುವ ಈ ಪದ್ಧತಿಯನ್ನು ಮಾತ್ರ ಅವರು ಒಪ್ಪಲು ಸಿದ್ಧರಿರಲಿಲ್ಲ. "ಆರ್‌ಸಿಬಿಯವರು ಇಷ್ಟು ವರ್ಷ ಕಪ್ಪಿಲ್ಲದೆ ಕಳೆದರಲ್ಲ, ಹರಾಜಿನಲ್ಲಿ ಯಾರಾದರೂ ಅವರಿಗೆ ಒಂದು ರೂಪಾಯಿ ರಿಯಾಯಿತಿ ಕೊಟ್ಟದ್ದುಂಟೇ? ಇಲ್ಲಿ ನೋಡಿದರೆ ಕೊನೆಯ ಸ್ಥಾನದಲ್ಲಿ ನಿಂತವನಿಗೇ ಮೊದಲ ಮರ್ಯಾದೆ" ಎಂದರು.

ಇದಕ್ಕೆ ರಾಯರು ಕನ್ನಡಕವನ್ನು ಹಣೆಗೇರಿಸಿ ಇತಿಹಾಸ ಆರಂಭಿಸಿದರು. ಈ ಕ್ರಮವನ್ನು 1935ರಲ್ಲಿ ಸೂಚಿಸಿದವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಒಡೆಯರಾದ ಬರ್ಟ್ ಬೆಲ್. ಆ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡವೂ ಅವರದೇ ಆದ್ದರಿಂದ 1936ರ ಮೊಟ್ಟಮೊದಲ ಡ್ರಾಫ್ಟಿನ ಮೊದಲ ಹಕ್ಕು ಅವರಿಗೇ ದಕ್ಕಿತು. ಅವರು ಆರಿಸಿದ್ದು ಷಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್ ಎಂಬ ಹುಡುಗನನ್ನು. ಆತನ ಹಕ್ಕನ್ನು ಅವರು ಷಿಕಾಗೊ ಬೇರ್ಸ್ ತಂಡಕ್ಕೆ ದಾಟಿಸಿದರು; ಅಲ್ಲಿಯೂ ಸಂಬಳದ ಮಾತು ಕುದುರದೆ ಆತ ಎನ್‌ಎಫ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡದೆ ಫೋಮ್ ರಬ್ಬರ್ ಮಾರುವ ಕೆಲಸಕ್ಕೆ ಸೇರಿಕೊಂಡ.

"ಮೊದಲ ಆಯ್ಕೆಯೇ ರಬ್ಬರಿಗೆ ಹೋಯಿತೆನ್ನಿ. ಅದಕ್ಕೇ ಅಂದಿನಿಂದಲೂ ಎಳೆಯುತ್ತ ಬಂದಿದ್ದಾರೆ, ಏಳು ಸುತ್ತು, ಮೂರು ದಿನ" ಎಂದು ಗೌಡರು ಕೋಡುಬಳೆ ಮುರಿದರು.

ಶೆಟ್ಟರಿಗೆ ಇತಿಹಾಸ ಬೇಕಾಗಿರಲಿಲ್ಲ. ಅವರ ಲೆಕ್ಕದಲ್ಲಿ ಭವಿಷ್ಯ ಅಂಗೈಯ ನೆಲ್ಲಿಕಾಯಿ. ನಮ್ಮ ಎಡಗಡೆಯ ಟ್ಯಾಕಲ್ ಟ್ರೆಂಟ್ ವಿಲಿಯಮ್ಸ್‌ಗೆ 36 ವರ್ಷ ತುಂಬಿದೆ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕಿನ ಬೆನ್ನು ಕಾಯುವವನು ಮುದುಕನಾದರೆ ಮನೆಯ ಹಿಂಬಾಗಿಲು ತೆರೆದಿಟ್ಟಂತೆ, ಆದ್ದರಿಂದ ಮಿಸೌರಿಯ ಅರ್ಮಾಂಡ್ ಮೆಂಬೂ ಬರುವುದು ಖಂಡಿತ ಎಂದು ಅವರು ಸಾರಿದರು. ಚೀಟಿ ಗುಟ್ಟಾಗಿರಬೇಕೆಂಬ ನಿಯಮ ಅಲ್ಲಿಗೆ ಮುರಿಯಿತು. ರಾಯರು ಕೂಡಲೇ ಪ್ರತಿವಾದಕ್ಕಿಳಿದರು: ಹಾರ್‌ಗ್ರೇವ್, ಫ್ಲಾಯ್ಡ್, ಕಾಲಿನ್ಸ್ ಮೂವರನ್ನೂ ಒಂದೇ ಬೇಸಗೆಯಲ್ಲಿ ಬಿಟ್ಟುಕೊಟ್ಟು, ಎದುರಾಳಿಯನ್ನು ತಡೆಯುವ ಮುಂಚೂಣಿಯಾದ ಡಿಫೆನ್ಸಿವ್ ಲೈನನ್ನು ಖಾಲಿ ಮಾಡಿಕೊಂಡವರು ಮೊದಲು ಆ ಜಾಗ ತುಂಬದೆ ಇನ್ನೇನು ಮಾಡುತ್ತಾರೆ? ಆದಕಾರಣ ಓಲ್ ಮಿಸ್ ವಿಶ್ವವಿದ್ಯಾಲಯದ ವಾಲ್ಟರ್ ನೋಲೆನ್. ಗೌಡರು ಹೆಸರನ್ನೇ ಬರೆಯದೆ "ಈ ಸರದಿಯನ್ನು ಮಾರಿಕೊಳ್ಳುತ್ತಾರೆ" ಎಂದಷ್ಟೇ ಬರೆದಿದ್ದರು.

ಡಾಕ್ಟರಮ್ಮನ ಕ್ರಮವೇ ಬೇರೆ. ಮೂಳೆಯ ವೈದ್ಯರಾದ ಅವರು ಆಟಗಾರನನ್ನು ಸೊಂಟದಿಂದ ಕೆಳಕ್ಕೆ ಮಾತ್ರ ಬಲ್ಲರು. ಡ್ರಾಫ್ಟಿಗೆ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎಂಬ ಪರೀಕ್ಷೆ ನಡೆಯುತ್ತದೆ. ನೂರಾರು ಹುಡುಗರನ್ನು ಕರೆಸಿ, 40 ಗಜ ಓಡಿಸಿ, ನಿಂತಲ್ಲಿಂದ ನೆಗೆಸಿ, ತೂಗಿ, ಕೊನೆಗೆ ಅಂಗೈಯನ್ನು ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಇಂಚುಪಟ್ಟಿಯ ಮೇಲೆ ಚಾಚಿಸಿ ಅಳೆಯುತ್ತಾರೆ. "ನಮ್ಮ ಕಾಲದ ಹೆಣ್ಣು ನೋಡುವ ಶಾಸ್ತ್ರದಲ್ಲಿ ನಡೆದು ತೋರಿಸು, ಒಂದು ಹಾಡು ಹೇಳು ಎನ್ನುತ್ತಿದ್ದರೇ ಹೊರತು ಅಂಗೈ ಅಳೆದವರನ್ನು ನಾನು ಕಾಣೆ" ಎಂದರು ಡಾಕ್ಟರಮ್ಮ. 2020ರಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ಬರೋನ ಅಂಗೈ ಒಂಬತ್ತೇ ಇಂಚು ಎಂದು ಪಂಡಿತರೆಲ್ಲ ಕಳವಳಪಟ್ಟರು. ಇಷ್ಟು ಪುಟ್ಟ ಕೈಯಿಂದ ಚೆಂಡು ಜಾರಿಹೋಗುವುದೆಂದು ತಿಳಿದ ಮೇಲೆ ನಿವೃತ್ತಿಯ ಯೋಚನೆ ಮಾಡುತ್ತಿರುವುದಾಗಿ ಆ ಹುಡುಗನೇ ತಮಾಷೆ ಮಾಡಿದ. ಆ ವರ್ಷ ಮೊದಲ ಆಯ್ಕೆಯಾಗಿ ಸಿನ್ಸಿನಾಟಿಗೆ ಹೋದವನು ಎರಡನೆಯ ಋತುವಿನಲ್ಲೇ ತಂಡವನ್ನು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಮುಟ್ಟಿಸಿದ. ಇಷ್ಟೆಲ್ಲ ಹೇಳಿಯೂ ಡಾಕ್ಟರಮ್ಮ ತಾವು ಯಾರನ್ನೂ ಸೂಚಿಸುವುದಿಲ್ಲವೆಂದೂ, ಯಾರನ್ನು ತೆಗೆದುಕೊಳ್ಳಬಾರದೆಂಬುದನ್ನು ಮಾತ್ರ ವೃತ್ತಿಧರ್ಮಕ್ಕೆ ಅನುಸಾರವಾಗಿ ಬರೆಯುವುದಾಗಿಯೂ ತಿಳಿಸಿ, ಕಣಕಾಲು ಉಳುಕಿಸಿಕೊಂಡೇ ಕಳೆದ ಋತು ಆಡಿದ್ದ ಜಾರ್ಜಿಯಾದ ಮೈಕೆಲ್ ವಿಲಿಯಮ್ಸ್ ಎಂಬವನ ಹೆಸರು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು.

ಮಾತು ಸಹಜವಾಗಿಯೇ 2021ಕ್ಕೆ ಹೊರಳಿತು. ನೈನರ್ಸ್ ಅಭಿಮಾನಿಗಳು ನಾಲ್ವರು ಸೇರಿದ ಕಡೆ ಆ ವರ್ಷದ ಹೆಸರು ಬಾರದೆ ಸಭೆ ಮುಗಿಯುವುದಿಲ್ಲ. ಆ ಮಾರ್ಚಿನಲ್ಲಿ ನಮ್ಮ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಮತ್ತು ಕೋಚ್ ಕೈಲ್ ಶಾನಹಾನ್ 12ನೆಯ ಸರದಿಯಿಂದ ಮೂರನೆಯದಕ್ಕೆ ಏರುವ ಸಲುವಾಗಿ ಮಯಾಮಿ ತಂಡಕ್ಕೆ 2022 ಮತ್ತು 2023ರ ಮೊದಲ ಸುತ್ತಿನ ಹಕ್ಕುಗಳನ್ನೂ, ಸಾಲದ್ದಕ್ಕೆ ಒಂದು ಮೂರನೆಯ ಸುತ್ತಿನ ಹಕ್ಕನ್ನೂ ಬರೆದುಕೊಟ್ಟರು. ಇಷ್ಟು ತೆತ್ತು ತರುವುದು ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್‌ನನ್ನೇ ಎಂದು ಟಿವಿಯ ಪಂಡಿತರಲ್ಲಿ ಬಹುಮಂದಿ ಹೇಳಿದರು, ಶೆಟ್ಟರೂ ಹೇಳಿದರು. ಬಂದವನು ನಾರ್ತ್ ಡಕೋಟಾ ಸ್ಟೇಟ್‌ನ ಟ್ರೇ ಲ್ಯಾನ್ಸ್; ಹಿಂದಿನ ಋತುವಿನಲ್ಲಿ ಕಾಲೇಜಿಗೆ ಆತ ಆಡಿದ್ದು ಒಂದೇ ಪಂದ್ಯ. ನಮ್ಮಲ್ಲಿ ಆತ ಆರಂಭಿಸಿದ ಪಂದ್ಯಗಳು ನಾಲ್ಕು. 2023ರ ಆಗಸ್ಟಿನಲ್ಲಿ ಆತನನ್ನು ಡಲ್ಲಾಸ್‌ಗೆ ದಾಟಿಸಿ ಪಡೆದದ್ದು ನಾಲ್ಕನೆಯ ಸುತ್ತಿನ ಒಂದು ಹಕ್ಕು. ಬೆಟ್ಟ ಅಗೆದು ಇಲಿ ಹಿಡಿದದ್ದನ್ನು ಕೇಳಿದ್ದೇವೆ. ಇವರು ಬೆಟ್ಟವನ್ನೇ ಅಡವಿಟ್ಟು ಹಿಡಿದರು.

ಈ ಮಧ್ಯೆ 2022ರ ಡ್ರಾಫ್ಟಿನ ಕಟ್ಟಕಡೆಯ, 262ನೆಯ ಹೆಸರಾಗಿ ಐಯೊವಾ ಸ್ಟೇಟ್‌ನ ಬ್ರಾಕ್ ಪರ್ಡಿಯನ್ನು ನಮ್ಮವರು ಆರಿಸಿದ್ದರು. ಕೊನೆಯವನಾಗಿ ಆರಿಸಲ್ಪಟ್ಟವನನ್ನು ನ್ಯೂಪೋರ್ಟ್ ಬೀಚಿಗೆ ಕರೆಸಿ, ಮೆರವಣಿಗೆ ಮಾಡಿ, ಕೈಯಿಂದ ಚೆಂಡು ಜಾರಿಬೀಳುತ್ತಿರುವ ಆಟಗಾರನ ಪ್ರತಿಮೆಯೊಂದನ್ನು ಪಾರಿತೋಷಕವಾಗಿ ಕೊಡುವ ಸಂಪ್ರದಾಯ 1976ರಿಂದ ಉಂಟು. ಅಂಥ ಪ್ರತಿಮೆಗೆ ಪಾತ್ರನಾದ ಹುಡುಗ ಮೂಲೆಯಲ್ಲಿ ಕೂತಿದ್ದಾಗ, ಆ ಸೆಪ್ಟೆಂಬರಿನಲ್ಲಿ ಲ್ಯಾನ್ಸ್‌ನ ಕಣಕಾಲು ಮುರಿಯಿತು, ಡಿಸೆಂಬರಿನಲ್ಲಿ ಆತನ ಜಾಗಕ್ಕೆ ಬಂದ ಗರಾಪೊಲೊನ ಪಾದ ಮುರಿಯಿತು. ಡಾಕ್ಟರಮ್ಮ ಯಾವ ಮೂಳೆಗಳೆಂದು ವಿವರಿಸಲು ತೊಡಗಿದ್ದನ್ನು ಶೆಟ್ಟರು ಕೈಯೆತ್ತಿ ತಡೆದರು. ಪರ್ಡಿ ಒಳಗೆ ಬಂದ, ಗೆಲ್ಲುತ್ತಲೇ ಹೋದ, ಮರುವರ್ಷದ ಋತುವಿನಲ್ಲಿ ಸೂಪರ್ ಬೌಲ್‌ವರೆಗೂ ಕರೆದೊಯ್ದ.

"ಅಳಿದೂರಿಗೆ ಉಳಿದವನೇ ಗೌಡ" ಎಂದರು ರಾಯರು.

"ಆ ಗಾದೆಯನ್ನು ನನ್ನ ಮುಖ ನೋಡಿಕೊಂಡು ಹೇಳುವ ಅಗತ್ಯವಿರಲಿಲ್ಲ ರಾಯರೇ" ಎಂದು ಗೌಡರು ಆಕ್ಷೇಪಿಸಿದರು.

ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ನಮ್ಮ ತಂಡದಷ್ಟು ನಿಷ್ಠೆಯಿಂದ ಪಾಲಿಸಿದವರು ಬೇರೆ ಇರಲಾರರು. ಪಕ್ಕದ ಸ್ಯಾನ್ ಮಟೇಯೊದಲ್ಲಿ ನೈನರ್ಸ್ ಆಟ ನೋಡುತ್ತಲೇ ಬೆಳೆದ ಟಾಮ್ ಬ್ರೇಡಿಯನ್ನು 2000ದಲ್ಲಿ ಬಿಟ್ಟು ಜೊವಾನಿ ಕಾರ್ಮಾಟ್ಸಿ ಎಂಬವನನ್ನು ಮೂರನೆಯ ಸುತ್ತಿನಲ್ಲಿ ತಂದರು. ಆತ ಲೀಗಿನ ಒಂದು ಪಂದ್ಯದಲ್ಲೂ ಕಣಕ್ಕಿಳಿಯಲಿಲ್ಲ. 40 ಗಜವನ್ನು 5.28 ಸೆಕೆಂಡಿನಷ್ಟು ಆರಾಮವಾಗಿ ಓಡಿದ್ದ ಬ್ರೇಡಿ 199ನೆಯವನಾಗಿ ನ್ಯೂ ಇಂಗ್ಲೆಂಡಿಗೆ ಹೋಗಿ, ಒಟ್ಟು ಏಳು ಸೂಪರ್ ಬೌಲ್ ಗೆದ್ದ. 2005ರಲ್ಲಿ ಮೊದಲ ಸರದಿಯೇ ನಮ್ಮದಾಗಿದ್ದರೂ ಚಿಕೊ ಊರಿನ ಆ್ಯರನ್ ರಾಜರ್ಸ್‌ನನ್ನು ಬಿಟ್ಟು ಅಲೆಕ್ಸ್ ಸ್ಮಿತ್‌ನನ್ನು ಆರಿಸಿದರು. ನಿರಾಶೆಯಾಯಿತೇ ಎಂದು ಕೇಳಿದವರಿಗೆ, ನನ್ನನ್ನು ಆರಿಸದೆ ಹೋದದ್ದಕ್ಕೆ ನೈನರ್ಸ್ ಪಡಲಿರುವಷ್ಟು ನಿರಾಶೆ ನನಗಾಗಿಲ್ಲ ಎಂಬರ್ಥದ ಉತ್ತರವನ್ನು ರಾಜರ್ಸ್ ಅಂದೇ ಕೊಟ್ಟಿದ್ದ. ಆ ಡ್ರಾಫ್ಟಿನಲ್ಲಿ ಸರಿಯಾದ ಭವಿಷ್ಯ ನುಡಿದವನು, ನನ್ನ ಮಟ್ಟಿಗೆ, ಅವನೊಬ್ಬನೇ.

ಹಾಗಾದರೆ ಪಂಡಿತರು ತಂಡಗಳಿಗಿಂತ ಮೇಲೇ ಎಂದು ಶೆಟ್ಟರು ಕೇಳಿದರು. ರಾಯರು 1994ರ ಪ್ರಸಂಗ ತೆಗೆದರು. ಇಂಡಿಯಾನಾಪೊಲಿಸ್‌ನವರು ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್‌ನನ್ನು ಬಿಟ್ಟು ಟ್ರೆವ್ ಆಲ್ಬರ್ಟ್ಸ್‌ನನ್ನು ಆರಿಸಿದ್ದನ್ನು ಇಎಸ್‌ಪಿಎನ್ ವಾಹಿನಿಯ ಊಹೆಗಾರ ಮೆಲ್ ಕೈಪರ್ ನೇರಪ್ರಸಾರದಲ್ಲಿ ಹಳಿದರು. ತಂಡದ ಬಿಲ್ ಟೋಬಿನ್ ಕೆರಳಿ, ಯಾರೀ ಮೆಲ್ ಕೈಪರ್, ನನ್ನ ನೆರೆಮನೆಯ ಅಂಚೆಯವನಿಗಿಂತ ಹೆಚ್ಚಿನ ಅರ್ಹತೆ ಇವನಿಗೇನಿದೆ ಎಂದು ಟಿವಿಯಲ್ಲೇ ಕೇಳಿದರು. ಆಲ್ಬರ್ಟ್ಸ್ ಗಾಯಗಳಿಂದ ಮೂರೇ ಋತುಗಳಲ್ಲಿ ಆಟ ಬಿಟ್ಟ. ಮುಂದೆ ವಿಶ್ಲೇಷಕನಾಗಿ ಸೇರಿದ್ದು ಇಎಸ್‌ಪಿಎನ್ ವಾಹಿನಿಗೇ. ಅಂದು ಕೈಪರ್ ಗೆದ್ದರೆನ್ನೋಣ. ಆದರೆ ಅದೇ ಕೈಪರ್ 2010ರಲ್ಲಿ, ಜಿಮ್ಮಿ ಕ್ಲಾಸೆನ್ ಯಶಸ್ವಿಯಾಗದಿದ್ದರೆ ತಾನು ಈ ಕೆಲಸವನ್ನೇ ಬಿಡುವುದಾಗಿ ಘೋಷಿಸಿದ್ದರು. ಕ್ಲಾಸೆನ್ ಎಂದೋ ಆಟ ಬಿಟ್ಟ. ಕೈಪರ್ ಇನ್ನೂ ಬಿಟ್ಟಿಲ್ಲ.

ರಾಯರ ಕೊನೆಯ ಅಸ್ತ್ರ ಅರ್ಥಶಾಸ್ತ್ರದ್ದು. ಕೇಡ್ ಮ್ಯಾಸಿ ಮತ್ತು ಮುಂದೆ ನೊಬೆಲ್ ಪಡೆದ ರಿಚರ್ಡ್ ಥೇಲರ್ ಲೆಕ್ಕ ಹಾಕಿ ನೋಡಿದಾಗ, ಮೊದಲು ಆರಿಸಲ್ಪಟ್ಟ ಆಟಗಾರ ಅದೇ ಜಾಗಕ್ಕೆ ಅವನ ನಂತರ ಆರಿಸಲ್ಪಟ್ಟವನಿಗಿಂತ ಉತ್ತಮನಾಗಿ ಹೊರಹೊಮ್ಮುವ ಸಂಭವ ಶೇಕಡಾ 52 ಮಾತ್ರ ಎಂದು ಕಂಡಿತಂತೆ. ನಾಣ್ಯ ಚಿಮ್ಮಿದರೆ ಸಿಗುವ 50ರ ಮೇಲೆ ಎರಡು ಅಂಕ ಗಳಿಸುವುದಕ್ಕಾಗಿ ಇಷ್ಟೊಂದು ಜನ ವರ್ಷವಿಡೀ ಊರೂರು ಸುತ್ತುತ್ತಾರೆ. ಊಹೆಗಾರರದು ಅದಕ್ಕಿಂತ ಕಷ್ಟದ ಕೆಲಸ. ಹನ್ನೊಂದನೆಯ ಹೆಸರು ಸರಿಯಾಗಬೇಕಾದರೆ ಮೊದಲ ಹತ್ತು ತಂಡಗಳ ಮನಸ್ಸು ತಿಳಿದಿರಬೇಕು, ಆ ಹತ್ತೂ ತಂಡಗಳು ಬೇಕೆಂದೇ ಸುಳ್ಳುಸುದ್ದಿ ತೇಲಿಬಿಡುತ್ತಿರುತ್ತವೆ.

ಅಷ್ಟರಲ್ಲಿ ಐದು ಗಂಟೆಯಾಯಿತು. ಮೊದಲ ಹೆಸರು ಕ್ಯಾಮ್ ವಾರ್ಡ್, ಟೆನೆಸೀ ತಂಡಕ್ಕೆ. ಇದನ್ನು ಎಲ್ಲರೂ ಬಲ್ಲವರಾಗಿದ್ದರೂ ಶೆಟ್ಟರು ತಾವೇ ಹೇಳಿಕೊಟ್ಟವರಂತೆ ತಲೆದೂಗಿದರು. ಎರಡನೆಯ ಹೆಸರಿಗೇ ಬುಡ ಅಲ್ಲಾಡಿತು. ಟ್ರಾವಿಸ್ ಹಂಟರ್ ಕ್ಲೀವ್‌ಲ್ಯಾಂಡಿಗೆ ಎಂದು ಊಹೆಗಾರರು ಬರೆದಿಟ್ಟಿದ್ದರೆ, ಐದನೆಯ ಸರದಿಯಲ್ಲಿದ್ದ ಜ್ಯಾಕ್ಸನ್‌ವಿಲ್ ಮುಂದಿನ ವರ್ಷದ ಮೊದಲ ಸುತ್ತನ್ನೂ ಕೊಟ್ಟು ಮೇಲೆ ಹಾರಿ ಆತನನ್ನು ಎತ್ತಿಕೊಂಡಿತು. ಏಳನೆಯದರಲ್ಲಿ ಶೆಟ್ಟರ ಮೆಂಬೂ ನ್ಯೂಯಾರ್ಕ್ ಜೆಟ್ಸ್ ಪಾಲಾದ. ಹನ್ನೊಂದನೆಯ ಸರದಿ ಬಂದಾಗ ಗೌಡರು ನಿರೀಕ್ಷಿಸಿದಂತೆ ಯಾರೂ ಏನನ್ನೂ ಮಾರಲಿಲ್ಲ. ರಾಯರ ನೋಲೆನ್ ಇನ್ನೂ ಉಳಿದಿದ್ದ, ಆತನನ್ನೂ ಕೇಳಲಿಲ್ಲ. ನೈನರ್ಸ್ ಕೂಗಿದ ಹೆಸರು ಜಾರ್ಜಿಯಾದ ಮೈಕೆಲ್ ವಿಲಿಯಮ್ಸ್.

ಬಟ್ಟಲಿನ ಚೀಟಿಗಳಲ್ಲಿ ಸರಿಯಾದ ಹೆಸರು ಇದ್ದದ್ದು ಒಂದರಲ್ಲೇ, ಅದೂ ಬೇಡವೆಂದು ಎರಡು ಗೆರೆ ಎಳೆದದ್ದರಲ್ಲಿ. ಬಹುಮಾನ ಡಾಕ್ಟರಮ್ಮನಿಗೆ ಸಲ್ಲಬೇಕೆಂದು ರಾಯರು, ಸಲ್ಲದೆಂದು ಗೌಡರು ಜಗಳಕ್ಕಿಳಿದರು. ಡಾಕ್ಟರಮ್ಮ ತಾವು ಕೊಟ್ಟದ್ದು ಎಚ್ಚರಿಕೆಯೇ ಹೊರತು ಭವಿಷ್ಯವಲ್ಲವೆಂದು ಹೇಳಿ ಉಳಿದ ಕೋಡುಬಳೆಯನ್ನು ಬಹುಮಾನವೆಂದೇ ಸ್ವೀಕರಿಸಿದರು.

ಶೆಟ್ಟರಲ್ಲಿ ಸೋತ ಕಳೆ ಇರಲಿಲ್ಲ. "2021ರಲ್ಲಿ ನಾನು ಮ್ಯಾಕ್ ಜೋನ್ಸ್ ಎಂದೆ. ನೀವೆಲ್ಲ ನಕ್ಕಿರಿ. ಕಳೆದ ತಿಂಗಳು ನೈನರ್ಸ್ ಜೊತೆ ಕರಾರಿಗೆ ಸಹಿ ಹಾಕಿದವನು ಯಾರು?" ಎಂದರು. ಮ್ಯಾಕ್ ಜೋನ್ಸ್‌ನೇ, ಪರ್ಡಿಯ ಹಿಂದೆ ಕಾದಿರುವ ಎರಡನೆಯ ಕ್ವಾರ್ಟರ್‌ಬ್ಯಾಕ್ ಆಗಿ, ಆ ಮಾರ್ಚಿನಲ್ಲಿ ಬಂದಿದ್ದ. ಹೆಸರು ತಪ್ಪಿರಲಿಲ್ಲ, ವರ್ಷ ಮಾತ್ರ ನಾಲ್ಕು ಈಚೆಯಾಗಿತ್ತು ಎಂಬುದನ್ನು ಯಾರೂ ಅಲ್ಲಗಳೆಯಲಾಗಲಿಲ್ಲ.

"ಮೊದಲ ಸುತ್ತಿನ ಹುಡುಗರಿಗೆ ಕರಾರು ಎಷ್ಟು ವರ್ಷದ್ದು ರಾಯರೇ?" ಎಂದು ಶೆಟ್ಟರು ಕೇಳಿದರು.

"ನಾಲ್ಕು ವರ್ಷ. ತಂಡ ಬಯಸಿದರೆ ಐದನೆಯದೂ ಉಂಟು" ಎಂದರು ರಾಯರು.

ಶೆಟ್ಟರು ಬಟ್ಟಲಿನಿಂದ ತಮ್ಮ ಚೀಟಿಯನ್ನು ಆರಿಸಿ ತೆಗೆದು, ಮೆಂಬೂನ ಹೆಸರಿನ ಮುಂದೆ '2029, ತಪ್ಪಿದರೆ 2030' ಎಂದು ಬರೆದು, ಎಲ್ಲರಿಂದಲೂ ಸಾಕ್ಷಿ ಸಹಿ ಹಾಕಿಸಿಕೊಂಡು ಪರ್ಸಿನಲ್ಲಿಟ್ಟುಕೊಂಡರು.