ಓಓಎಂ ಕಿಲ್ಲರ್ ಸರ್ವಿಸ್ ಕೊಂದಾಗ ಲಾಗ್‌ನಲ್ಲಿ ಏನು ಓದಬೇಕು?

ಪ್ರಶ್ನೆ: ಲಿನಕ್ಸ್ ಸರ್ವರ್, 8 ಜಿಬಿ ರ್‍ಯಾಮ್. ಜಾವಾ ಸರ್ವಿಸ್ ಆಗಾಗ ಇದ್ದಕ್ಕಿದ್ದಂತೆ ಸಾಯುತ್ತೆ, ಎಕ್ಸಿಟ್ ಕೋಡ್ 137. ಅದರ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಹೀಪ್ ಡಂಪ್ (ಜಾವಾ ಮೆಮೊರಿಯ ನಕಲು) ಆಪ್ಷನ್ ಹಾಕಿದ್ದರೂ ಫೈಲ್ ಬಂದಿಲ್ಲ. ಕರ್ನಲ್ ಲಾಗ್‌ನಲ್ಲಿ "ಕ್ರಾನ್ ಇನ್‌ವೋಕ್ಡ್ ಓಓಎಂ-ಕಿಲ್ಲರ್" ಅಂತಿದೆ. ಕ್ರಾನ್‌ದೇ ತಪ್ಪಾ?

ಉತ್ತರ: ಅಲ್ಲ. ಓಓಎಂ ಕಿಲ್ಲರ್ ಅಂದರೆ ಮೆಮೊರಿ ಮುಗಿದಾಗ ಒಂದು ಪ್ರೊಸೆಸ್ ಆರಿಸಿ ಕೊಲ್ಲುವ ಕರ್ನಲ್‌ನ ಭಾಗ. ಆ ಕ್ಷಣಕ್ಕೆ ಮೆಮೊರಿ ಕೇಳಿ ಅದನ್ನು ಎಬ್ಬಿಸಿದ್ದು ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ನಡೆಸುವ ಪ್ರೋಗ್ರಾಮ್), ಅಷ್ಟೇ. 137 ಅಂದರೆ 128 + 9, ಅಂದರೆ 9ನೇ ಸಿಗ್ನಲ್ ಸಿಗ್‌ಕಿಲ್, ತಕ್ಷಣ ಕೊಲ್ಲುವ ಆದೇಶ. ಅದನ್ನು ಯಾವ ಪ್ರೋಗ್ರಾಮೂ ತಡೆಹಿಡಿಯಲಾಗದು, ಹಾಗಾಗಿ ಕೊನೆಯ ಸಾಲು ಬರೆಯಲು ಪುರುಸೊತ್ತೇ ಸಿಗಲ್ಲ. ಹೀಪ್ ಡಂಪ್ ಬರುವುದು ಜಾವಾ ತಾನೇ ಎರರ್ ಎಸೆದಾಗ ಮಾತ್ರ. ಹೊರಗಿನಿಂದ ಕೊಂದರೆ ಬರಲ್ಲ.

ಕರ್ನಲ್ ಲಾಗ್‌ನ ಓಓಎಂ ವರದಿಯ ಮೊದಲ ಸಾಲಿನಲ್ಲಿ ಆರ್ಡರ್ ನೋಡಿ, ಅದು ಒಟ್ಟಿಗೆ ಎಷ್ಟು ಪೇಜ್ (ಮೆಮೊರಿಯ ಚಿಕ್ಕ ತುಂಡು) ಕೇಳಿತ್ತು ಎಂಬುದರ ಸೂಚಕ. 0 ಇದ್ದರೆ ಬರೀ 4 ಕೆಬಿಯ ಒಂದು ಪೇಜಿಗೂ ಗತಿ ಇರಲಿಲ್ಲ ಎಂದರ್ಥ. 2 ಅಥವಾ 3 ಇದ್ದು ಫ್ರೀ ಮೆಮೊರಿ ಸಾಕಷ್ಟು ಕಂಡರೆ ಕಾರಣ ಫ್ರಾಗ್ಮೆಂಟೇಶನ್ (ಖಾಲಿ ಜಾಗ ಚೂರುಚೂರಾಗಿರುವುದು) ಇರಬಹುದು, ಅದರ ಮದ್ದೇ ಬೇರೆ.

ಮುಂದೆ ಬರುವ ಪ್ರೊಸೆಸ್ ಪಟ್ಟಿಯಲ್ಲೇ ಬಹಳ ಜನ ಎಡವುವುದು. ಅಲ್ಲಿನ ಆರ್‌ಎಸ್‌ಎಸ್ (ಪ್ರೊಸೆಸ್ ನಿಜವಾಗಿ ಹಿಡಿದಿರುವ ಮೆಮೊರಿ) ಕಾಲಂ ಕೆಬಿಯಲ್ಲಿ ಇಲ್ಲ, ಪೇಜ್‌ಗಳಲ್ಲಿದೆ. 1572864 ಅಂತಿದ್ದರೆ 4ರಿಂದ ಗುಣಿಸಿ: 6291456 ಕೆಬಿ, ಅಂದರೆ 6 ಜಿಬಿ. "ಕಿಲ್ಡ್ ಪ್ರೊಸೆಸ್" ಸಾಲಿನ ಅಂಕಿಗಳು ಮಾತ್ರ ಕೆಬಿಯಲ್ಲೇ ಇರುತ್ತವೆ. ಟೋಟಲ್-ವಿಎಂ ದೊಡ್ಡದಿದೆ ಎಂದು ಗಾಬರಿ ಬೇಡ, ಅದು ಕಾಯ್ದಿರಿಸಿದ ವಿಳಾಸ ಮಾತ್ರ.

ಎಲ್ಲ ಆರ್‌ಎಸ್‌ಎಸ್ ಕೂಡಿದರೂ ರ್‍ಯಾಮ್‌ನ ಲೆಕ್ಕ ಹೊಂದದಿದ್ದರೆ ಶ್‌ಮೆಮ್ (ಹಂಚಿಕೆಯ ಮೆಮೊರಿ) ಮತ್ತು ಅನ್‌ರಿಕ್ಲೇಮಬಲ್ ಸ್ಲ್ಯಾಬ್ (ಕರ್ನಲ್ ತಾನೇ ಹಿಡಿದು ಬಿಡಲಾಗದ ಮೆಮೊರಿ) ನೋಡಿ. ಟಿಎಂಪಿಎಫ್‌ಎಸ್‌ನಲ್ಲಿ (ಮೆಮೊರಿಯಲ್ಲೇ ಇರುವ ಫೈಲ್ ಸಿಸ್ಟಂ) ತುಂಬಿದ ಫೈಲು ಯಾರನ್ನು ಕೊಂದರೂ ಖಾಲಿಯಾಗಲ್ಲ, ಫೈಲನ್ನೇ ಅಳಿಸಬೇಕು. ಕನ್‌ಸ್ಟ್ರೇಂಟ್ ಜಾಗದಲ್ಲಿ ಮೆಮ್‌ಸಿಜಿ ಅಂತಿದ್ದರೆ ಮುಗಿದದ್ದು ಯಂತ್ರದ ರ್‍ಯಾಮ್ ಅಲ್ಲ, ಕಂಟೇನರ್ ಅಥವಾ ಸರ್ವಿಸ್‌ಗೆ ಹಾಕಿದ ಮಿತಿ.

ಪ್ರಶ್ನೆ: ಒಮ್ಮೊಮ್ಮೆ ಯಂತ್ರವೇ ರೀಬೂಟ್ ಆಗಿ ಕುರುಹೂ ಉಳಿಯಲ್ಲ. ಏನು ಸಿದ್ಧತೆ ಬೇಕು?

ಉತ್ತರ: ಕರ್ನಲ್ ಲಾಗ್ ರ್‍ಯಾಮ್‌ನಲ್ಲಿರುವ ರಿಂಗ್ ಬಫರ್, ತುಂಬಿದಾಗ ಹಳೆಯದರ ಮೇಲೆ ಹೊಸದು ಬರೆಯುವ ಜಾಗ. ಜರ್ನಲ್‌ಡಿ (ಲಾಗ್ ಸಂಗ್ರಹಿಸುವ ಸರ್ವಿಸ್) ಕಾನ್ಫಿಗ್‌ನಲ್ಲಿ ಸ್ಟೋರೇಜ್ ಪರ್ಸಿಸ್ಟೆಂಟ್ ಮಾಡಿ; ಆಮೇಲೆ ಜರ್ನಲ್‌ಸಿಟಿಎಲ್‌ಗೆ -ಕೆ -ಬಿ -1 ಕೊಟ್ಟರೆ ಹಿಂದಿನ ಬೂಟ್‌ನದ್ದು ಸಿಗುತ್ತೆ. ಡಿಸ್ಕೇ ಸಿಕ್ಕಿಹಾಕಿಕೊಂಡರೆ ಅದೂ ಬರೆಯದು, ಅದಕ್ಕೆ ಕರ್ನಲ್ ಸಂದೇಶವನ್ನು ನೆಟ್‌ವರ್ಕ್‌ನಲ್ಲಿ ಕಳಿಸುವ ನೆಟ್‌ಕನ್ಸೋಲ್ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸಿ. ಸಾವಿರಾರು ಪ್ರೊಸೆಸ್ ಇದ್ದರೆ ಪಟ್ಟಿಯೇ ಬಫರ್ ತುಂಬಿ ವರದಿಯ ತಲೆ ಅಳಿಸಿಹೋಗುತ್ತೆ. ಬೂಟ್ ಪ್ಯಾರಾಮೀಟರ್‌ನಲ್ಲಿ ಲಾಗ್-ಬಫ್-ಲೆನ್ 4ಎಂ ಕೊಡಿ.

ಈ ವರದಿ ಸಾವಿನ ಕ್ಷಣದ ಚಿತ್ರ. ಯಾರು ಯಾವಾಗಿನಿಂದ ಬೆಳೆದರು ಎಂದು ಅದು ಹೇಳಲ್ಲ. 10 ಸೆಕೆಂಡಿಗೊಮ್ಮೆ ಮೆಮ್‌ಅವೈಲಬಲ್ (ಬಳಕೆಗೆ ಸಿಗುವ ಮೆಮೊರಿ), ಮೇಲಿನ ಹತ್ತು ಆರ್‌ಎಸ್‌ಎಸ್, ಕರ್ನಲ್ 4.20 ಅಥವಾ ಹೊಸದಾಗಿದ್ದರೆ ಮೆಮೊರಿ ಪ್ರೆಷರ್ (ಮೆಮೊರಿಗಾಗಿ ಕೆಲಸ ಕಾದ ಪಾಲು) ದಾಖಲಿಸಿ. ದಾಖಲಿಸುವ ಪ್ರೋಗ್ರಾಮ್ ಪ್ರತಿ ಸಲ ಪಿಎಸ್, ಗ್ರೆಪ್ ಕರೆಯಕೂಡದು: ಬೇಕಾದ ಹೊತ್ತಿಗೇ ಫೋರ್ಕ್ (ಹೊಸ ಪ್ರೊಸೆಸ್ ಹುಟ್ಟಿಸುವುದು) ಸೋಲುತ್ತೆ. ಒಂದೇ ಪ್ರೊಸೆಸ್ ಇರಲಿ, ಬಫರ್ ಮೊದಲೇ ತೆಗೆದಿಟ್ಟು ಅದರ ಮೆಮೊರಿ ಹೊರಹೋಗದಂತೆ ಎಂಲಾಕ್‌ಆಲ್ ಮಾಡಿ, ಓಓಎಂ ಕಿಲ್ಲರ್ ಅದನ್ನು ಸುಲಭಕ್ಕೆ ಆರಿಸದಂತೆ ಓಓಎಂ-ಸ್ಕೋರ್-ಅಡ್ಜ್ -900 ಇಡಿ.

ಪ್ರಶ್ನೆ: ಹೀಪ್ ಮಿತಿ 5 ಜಿಬಿ ಇಟ್ಟಿದ್ದೆ. ಆರ್‌ಎಸ್‌ಎಸ್ 6 ಹೇಗಾಯ್ತು?

ಉತ್ತರ: ಮಿತಿ ಹೀಪ್‌ಗೆ, ಅಂದರೆ ಜಾವಾ ಆಬ್ಜೆಕ್ಟ್‌ಗಳ ಜಾಗಕ್ಕೆ ಮಾತ್ರ. ಥ್ರೆಡ್ ಸ್ಟ್ಯಾಕ್, ಮೆಟಾಸ್ಪೇಸ್, ಕೋಡ್ ಕ್ಯಾಶ್, ಡೈರೆಕ್ಟ್ ಬಫರ್ ಎಲ್ಲ ಅದರ ಹೊರಗೆ. ಜಾವಾ ಹೀಪ್‌ನ ಹೊರಗೂ ಎಲ್ಲಿ ಎಷ್ಟು ಬಳಸುತ್ತೆ ಎಂದು ತೋರಿಸುವ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಸಮ್ಮರಿ ಮಟ್ಟದಲ್ಲಿ ಆನ್ ಮಾಡಿ, ಜಾವಾ ಜೊತೆ ಬರುವ ಜೆಸಿಎಂಡಿ ಕಮಾಂಡ್‌ನಿಂದ ಬೇಸ್‌ಲೈನ್ (ಮೊದಲ ಅಳತೆ) ಹಿಡಿದು, ಕೆಲವು ಗಂಟೆ ಬಿಟ್ಟು ಡಿಫ್ (ವ್ಯತ್ಯಾಸ) ತೆಗೆಯಿರಿ. ಬೆಳೆದ ಸಾಲು ಅಲ್ಲೇ ಕಾಣುತ್ತೆ. ಯಾವುದೂ ಬೆಳೆದಿಲ್ಲ, ಆದರೂ ಆರ್‌ಎಸ್‌ಎಸ್ ಏರಿದೆ ಎಂದರೆ ಜೆಎನ್‌ಐ (ಜಾವಾದಿಂದ ಸಿ ಮುಂತಾದ ಭಾಷೆಯ ಕೋಡ್ ಕರೆಯುವ ದಾರಿ) ಮೂಲಕ ಬಂದ ಲೈಬ್ರರಿಗಳ ಕಡೆ ತಿರುಗಿ, ಅವು ಮ್ಯಾಲಕ್‌ನಿಂದ ನೇರವಾಗಿ ಪಡೆದ ಮೆಮೊರಿ ಈ ಲೆಕ್ಕಕ್ಕೆ ಬರಲ್ಲ.